ಪದ್ಯದಕ್ಕ ಬದಲಿಸಿದ ಸಾಲು

ಕನ್ನಡಕದ ಅಂಗಡಿಯ ಹಿಂಬದಿ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಕವನ ಬರೆಯುವುದು ಚಟ. ಎರಡು ಸಂಕಲನ ಬಂದಿದ್ದವು. ಎರಡನ್ನೂ ಪೂರ್ತಿ ಓದಿದವಳು ಜೊತೆಗಿದ್ದ ಅಕ್ಕ ಒಬ್ಬಳೇ, ಅದೂ ಒತ್ತಾಯಕ್ಕೆ. ಮದುವೆಯ ಮಾತನ್ನು ಮನೆಯವರು ಎತ್ತಿ ಎತ್ತಿ ಸುಸ್ತಾಗಿ ಕೈಬಿಟ್ಟಿದ್ದರು. ಜಗಳಗಂಟಿ ಏನಲ್ಲ. ಆದರೆ ತಾನು ಬರೆದದ್ದರಲ್ಲಿ ಒಂದು ಪದ ಆಚೀಚೆಯಾದರೂ ಸಹಿಸುತ್ತಿರಲಿಲ್ಲ. ಪತ್ರಿಕೆಯೊಂದು ಅವಳ ಪದ್ಯದ ಕೊನೆಯ ಸಾಲನ್ನು ಜಾಗವಿಲ್ಲವೆಂದು ಕತ್ತರಿಸಿದಾಗ ಕೆಲಸಕ್ಕೆ ರಜೆ ಹಾಕಿ ಸಂಪಾದಕರ ಬಾಗಿಲಲ್ಲಿ ಕೂತು ಬಂದಿದ್ದಳು.

ಅಂಗಡಿಯಿದ್ದ ಭಾಗದ ಪ್ರಾಥಮಿಕ ಶಾಲೆಯಲ್ಲಿ ಎಲ್ಲೆಲ್ಲಿಂದಲೋ ಬಂದು ನೆಲೆಸಿದವರ ಮಕ್ಕಳೇ ತುಂಬಿದ್ದರು. ಮನೆಗೊಂದು ಭಾಷೆ, ಮನೆಗೊಂದು ರೀತಿ. ಮಕ್ಕಳು ಒಬ್ಬರನ್ನೊಬ್ಬರು ಅರಿಯಲಿ ಎಂದು ಸಾಹಿತ್ಯ ಸಂಘದವರು ವಾರಕ್ಕೊಮ್ಮೆ ತರಗತಿಗೊಬ್ಬ ಕವಿಯನ್ನು ಕಳಿಸುವ ಏರ್ಪಾಡು ಮಾಡಿದರು. ಇವಳ ಪಾಲಿಗೆ ಮೂರನೇ ತರಗತಿ ಬಂತು. ಮೊದಲ ದಿನ ತನ್ನದೇ ಪದ್ಯ ಓದಿದಳು. ಓದಿ ಮುಗಿಸಿ ತಲೆಯೆತ್ತಿದಾಗ ಅರ್ಧ ತರಗತಿ ಕಿಟಕಿಯಾಚೆ ಜಲ್ಲಿ ಸುರಿಯುತ್ತಿದ್ದ ಲಾರಿಯನ್ನು ನೋಡುತ್ತಿತ್ತು.

ಮುಂದಿನ ವಾರ ಪುಸ್ತಕ ಒಯ್ಯಲಿಲ್ಲ. ಬೆಳಿಗ್ಗೆ ನಿಮ್ಮನ್ನು ಮನೆಯಲ್ಲಿ ಏನೆಂದು ಎಬ್ಬಿಸುತ್ತಾರೆ, ಹಾಗೆಯೇ ಹೇಳಿ ಎಂದಳು. ತರಗತಿ ಎದ್ದು ನಿಂತಿತು. ಒಬ್ಬನ ಅಜ್ಜಿ ಅವನನ್ನು ಕುಂಬಳಕಾಯಿ ಎನ್ನುತ್ತಿದ್ದಳಂತೆ, ಅವಳ ಭಾಷೆಯಲ್ಲಿ. ಇನ್ನೊಬ್ಬಳ ಅಪ್ಪ ಎರಡು ಭಾಷೆಯಲ್ಲಿ ಕರೆದು, ಏಳದಿದ್ದರೆ ಮೂರನೆಯದರಲ್ಲಿ ಬೈಯುತ್ತಿದ್ದ. ಮಕ್ಕಳು ಪಕ್ಕದವರ ಮನೆಯ ಪದಗಳನ್ನು ನಾಲಿಗೆ ತಿರುಗಿಸಿ ಹೇಳಿ ನೋಡಿ ನಕ್ಕರು. ಅಂದಿನಿಂದ ಅವಳಿಗೆ ಪದ್ಯದಕ್ಕ ಎಂಬ ಹೆಸರು ಬಿತ್ತು.

ಗೋಡೆ ಪಕ್ಕದ ಬೆಂಚಿನ ಹುಡುಗಿ ಮಾತ್ರ ಬಾಯಿ ಬಿಡದೆ ನಾಲ್ಕು ಸಾಲು ಬರೆದು ಕೊಟ್ಟಳು. ಅಮ್ಮ ದೀಪ ಹಾಕಿ ಆರಿಸಿ, ಹಾಕಿ ಆರಿಸಿ ಎಬ್ಬಿಸುತ್ತಾಳೆ, ಏಳದಿದ್ದರೆ ಮಂಚ ಒದೆಯುತ್ತಾಳೆ, ಆಮೇಲೆ ಬೈಯುತ್ತಾಳೆ, ಶಾಲೆಗೆ ಹೊರಡುವ ತನಕ ಬೈಯುತ್ತಲೇ ಇರುತ್ತಾಳೆ. ಅವಳ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳಿಸದು, ಮನೆಯಲ್ಲಿ ಕೈಯಲ್ಲೇ ಮಾತು ಎಂದು ತರಗತಿಯ ಟೀಚರು ಮೆಲ್ಲಗೆ ತಿಳಿಸಿದರು.

ದೀಪದ ಸಾಲು ಪದ್ಯದಕ್ಕನಿಗೆ ತುಂಬ ಹಿಡಿಸಿತು. ಬೈಗುಳದ ಎರಡು ಸಾಲು ಅವಳಿಗೆ ಒರಟೆನಿಸಿದವು. ಅವನ್ನು ಹೊಡೆದುಹಾಕಿ, ‘ನಮ್ಮ ಮನೆಯಲ್ಲಿ ಮಾತಿಲ್ಲ, ಬೆಳಕೇ ಮಾತು’ ಎಂದು ತಿದ್ದಿದಳು. ಸರಿಯಾ ಎಂದು ಕೇಳಿದ್ದಕ್ಕೆ ಹುಡುಗಿ ತಲೆಯಾಡಿಸಿದಳು. ದೊಡ್ಡವರು ಕೇಳಿದರೆ ಅವಳು ಎಲ್ಲದಕ್ಕೂ ತಲೆಯಾಡಿಸುವವಳೇ. ದಪ್ಪ ಕಾಗದದ ಮೇಲೆ ಪದ್ಯ ಪಡಸಾಲೆಯ ಗೋಡೆಗೇರಿತು. ಬಂದವರಿಗೆಲ್ಲ ಮುಖ್ಯೋಪಾಧ್ಯಾಯಿನಿ ಅದನ್ನೇ ಓದಿ ಹೇಳುತ್ತಿದ್ದರು. ಸಂಘದ ಹಿರಿಯರೊಬ್ಬರು ಕಣ್ಣೊರೆಸಿಕೊಂಡರು.

ಪೋಷಕರ ಸಭೆಯ ದಿನ ಹುಡುಗಿಯ ತಾಯಿ ಬಂದಳು. ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುವವಳು, ಗಟ್ಟಿ ಆಳು. ಗೋಡೆಯ ಮುಂದೆ ನಿಂತು ಓದಿದಳು. ಮಗಳ ಭುಜ ತಟ್ಟಿ ಏನೋ ಕೇಳಿ, ಅವಳ ಕೈ ಹಿಡಿದು ನೇರ ಪದ್ಯದಕ್ಕನ ಎದುರಿಗೆ ಬಂದಳು. ಕೈಗಳು ಚಕಚಕನೆ ಆಡತೊಡಗಿದವು. ಅದನ್ನು ಬಾಯಲ್ಲಿ ಹೇಳಬೇಕಾದವಳು ಮಗಳೇ.

“ನಮ್ಮನೇಲಿ ಮಾತಿಲ್ಲ ಅಂತ ಯಾರು ಹೇಳಿದ್ದು ಅಂತ ಕೇಳ್ತಿದ್ದಾಳೆ,” ಎಂದಳು ಹುಡುಗಿ, ನೆಲ ನೋಡುತ್ತ. “ಬೆಳಗಾದ್ರೆ ಸಾಕು, ಒಂದೇ ಸಮ ಮಾತಂತೆ. ಅಪ್ಪಂಗೆ ತಲೆ ಚಿಟ್ಟು ಹಿಡಿಯುತ್ತಂತೆ.”

ಟೀಚರು ನಡುವೆ ಬಂದು, ಎಲ್ಲರೂ ಮೆಚ್ಚಿದ ಪದ್ಯ ಅದು ಎಂದು ಸಮಾಧಾನ ಮಾಡಲು ನೋಡಿದರು. ತಾಯಿ ಅತ್ತ ತಿರುಗಲೂ ಇಲ್ಲ. ಕೈಗಳು ಇನ್ನಷ್ಟು ಹೊತ್ತು ಆಡಿದವು. ಹುಡುಗಿ ಅದನ್ನು ಹೇಳದೆ ಟೀಚರ ಕಡೆ ನೋಡಿದಳು.

“ಪೂರ್ತಿ ಹೇಳು ಪುಟ್ಟಿ,” ಎಂದಳು ಪದ್ಯದಕ್ಕ. “ಏನೂ ಬಿಡಬೇಡ.”

“ನಿಮ್ಮ ಪದ್ಯ ಚೆನ್ನಾಗಿ ಕಾಣಲಿ ಅಂತ ನಮ್ಮನ್ನ ಮೂಕರನ್ನಾಗಿ ಮಾಡಿದ್ರಂತೆ.”

ಆ ಸಾಲು ಮಗುವಿನದಲ್ಲ, ತನ್ನದೇ ಎಂದು ಪದ್ಯದಕ್ಕ ಒಪ್ಪಿಕೊಂಡಳು. ಹುಡುಗಿ ಅದನ್ನು ಕೈಯಲ್ಲಿ ಹೇಳಿದಳು. ತಾಯಿ ಒಮ್ಮೆ ಮಗಳನ್ನು, ಒಮ್ಮೆ ಇವಳನ್ನು ನೋಡಿ, ಗೋಡೆಯ ಕಡೆ ಬೆರಳು ಮಾಡಿದಳು. ಪದ್ಯದಕ್ಕ ಕುರ್ಚಿ ಹತ್ತಿ ಕಾಗದ ಕಿತ್ತಳು. ಮುಖ್ಯೋಪಾಧ್ಯಾಯಿನಿಗೆ ಬೇಸರವಾಯಿತು, ಗೋಡೆ ಬೋಳಾಯಿತು ಎಂದರು.

ಆ ರಾತ್ರಿ ಊಟಕ್ಕೆ ಕೂತಾಗ ಅಕ್ಕನಿಗೆ ಎಲ್ಲ ಹೇಳಿದಳು. ಅಕ್ಕ ಬಡಿಸುತ್ತ, ಆ ಸಂಪಾದಕ ಇದನ್ನು ಕೇಳಿದ್ದರೆ ಹೊಟ್ಟೆ ತುಂಬ ನಗುತ್ತಿದ್ದ ಎಂದಳಷ್ಟೇ. ಪದ್ಯದಕ್ಕ ಎರಡು ವಾರ ಶಾಲೆಯ ಕಡೆ ಹೋಗಲಿಲ್ಲ, ನೆಗಡಿ ಎಂದು ಹೇಳಿಸಿದಳು. ಮೂರನೇ ವಾರ ಹೋದಳು. ಮಕ್ಕಳು ಬರೆಯುವಾಗ ಪೆನ್ನನ್ನು ಚೀಲದಲ್ಲೇ ಇಟ್ಟಳು. ಹುಡುಗಿ ತನ್ನ ಪದ್ಯವನ್ನು ಮತ್ತೆ ಬರೆದಳು. ಈ ಸಲ ಬೈಗುಳಗಳೇ ಏಳು ಸಾಲಾದವು. ಅಮ್ಮ ಹೇಳಿಕೊಟ್ಟವು ಕೆಲವು, ಸ್ವಂತದವು ಕೆಲವು. ಅವನ್ನು ಕೈಯಲ್ಲಿ ಹೇಗೆ ಬೈಯುವುದೆಂದು ಕಲಿಯಲು ಇಡೀ ತರಗತಿ ಅವಳ ಬೆಂಚಿಗೆ ಮುಗಿಬಿತ್ತು. ಒಂದೆರಡನ್ನು ಟೀಚರು ನಿಲ್ಲಿಸಬೇಕಾಯಿತು.

ವರ್ಷದ ಕೊನೆಗೆ ಮಕ್ಕಳು ಸಭಾಂಗಣದಲ್ಲಿ ಪದ್ಯ ಓದಿದರು. ಆ ಹುಡುಗಿ ಬಾಯಲ್ಲೊಮ್ಮೆ, ಕೈಯಲ್ಲೊಮ್ಮೆ ಹೇಳಿದಳು. ಕೈಯ ಪದ್ಯದ ನಡುವೆ, ಮೊದಲ ಸಾಲಿನ ಕುರ್ಚಿಯಲ್ಲಿ ಕೂತಿದ್ದ ತಾಯಿ ಹುಬ್ಬು ಗಂಟಿಕ್ಕಿ ಬೆರಳು ಮಡಚಿ ತೋರಿಸಿದಳು. ಮಗಳು ನಿಂತು, ಹಾಗೆಯೇ ಬೆರಳು ಮಡಚಿ ಸರಿಪಡಿಸಿಕೊಂಡು ಮುಂದುವರಿದಳು. ತಂದೆ ಭುಜ ಕುಣಿಸಿ ನಗುತ್ತಿದ್ದ. ಉಳಿದವರಿಗೆ ಏನಾಯಿತೆಂದೇ ತಿಳಿಯಲಿಲ್ಲ. ಪದ್ಯದಕ್ಕನಿಗೂ ಏನೋ ತಪ್ಪಿತ್ತು, ತಾಯಿ ತಿದ್ದಿದಳು ಎಂಬಷ್ಟೇ ತಿಳಿಯಿತು. ಹೊರಗೆ ಬಂದಾಗ ಆ ತಾಯಿ ಅವಳ ಮುಂಗೈ ಹಿಡಿದು ಒಮ್ಮೆ ಬಲವಾಗಿ ಅದುಮಿ, ಬಸ್ಸು ಹಿಡಿಯಲು ಗಂಡ ಮಗಳ ಹಿಂದೆ ಓಡಿದಳು.