ಡಾಕ್ಟರಮ್ಮನಿಗೆ ತಂದ ಶಾಲು

ಸುದ್ದಗುಂಟೆಪಾಳ್ಯದಿಂದ ಜಯನಗರದವರೆಗಿನ ಸಕಲ ಶೌಚಾಲಯಗಳ ಚಕ್ರವರ್ತಿನಿ ಜ್ಯೋತ್ಸ್ನಾ. ಯಾವ ದರ್ಶಿನಿ ಹೋಟೆಲಿನ ಹಿಂದುಗಡೆ ಬಾಗಿಲಿದೆ, ಯಾವ ಪೆಟ್ರೋಲ್ ಬಂಕಿನವರು ಬೀಗದಕೈ ಕೊಡುತ್ತಾರೆ, ಯಾವ ಅಂಗಡಿಯಲ್ಲಿ ಒಂದೆರಡು ಸೀರೆ ಬಿಡಿಸಿ ನೋಡಿದ ಮೇಲೆ ಧೈರ್ಯವಾಗಿ ಕೇಳಬಹುದು, ಎಲ್ಲ ಕಂಠಪಾಠ. ಸಾಮ್ರಾಜ್ಯ ಅಲ್ಲಿಗೇ ಮುಗಿಯಿತು. ಹುಳಿಮಾವಿನಲ್ಲಿರುವ ಅಣ್ಣನ ಮನೆ ಶತ್ರುದೇಶ. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಮಾನಕ್ಕೆ ಖಾತ್ರಿಯಿಲ್ಲ. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಿದ್ದವಳು ಆ ಕೆಲಸವನ್ನೂ ಬಿಟ್ಟಿದ್ದಳು. ಪಾಠದ ಮಧ್ಯೆ ಎದ್ದು ಓಡುವ ಟೀಚರನ್ನು ಯಾರು ಇಟ್ಟುಕೊಳ್ಳುತ್ತಾರೆ?

ಎಲ್ಲ ಶುರುವಾದದ್ದು ಮಗಳು ಹುಟ್ಟಿದಾಗ. ಇಕ್ಕಳ ಹಾಕಿ ಎಳೆದ ಮಗು. ಜ್ಯೋತ್ಸ್ನಾ ತಾಯಿಯಿಲ್ಲದ ಹುಡುಗಿ ಅಂತ ಅತ್ತೆ ಶಾಂತಾದೇವಿಯೇ ಬಾಣಂತನ ಮಾಡಿದರು. "ತಡ್ಕೊಳ್ಳೋಕೆ ಆಗ್ತಿಲ್ಲ, ಅತ್ತೆ" ಅಂದರೆ ಊಟಕ್ಕೆ ಇನ್ನಷ್ಟು ಬೆಳ್ಳುಳ್ಳಿ ಬಿತ್ತು. ಹೆರಿಗೆ ಮಾಡಿಸಿದ ಡಾಕ್ಟರಮ್ಮ ಪರೀಕ್ಷೆ ಕೂಡ ಮಾಡದೆ, "ಎಲ್ಲರಿಗೂ ಹೀಗೇ ಕಣಮ್ಮ, ಸರಿಹೋಗುತ್ತೆ" ಅಂದರು.

ತಾಯಿ ಮಗು ಇಬ್ಬರನ್ನೂ ಉಳಿಸಿಕೊಟ್ಟ ದೇವತೆ ಆಕೆ! ಕೃತಜ್ಞತೆಯಲ್ಲಿ ಈ ಮನೆತನ ಯಾರಿಗೂ ಸೋತದ್ದಲ್ಲ. ತೊಟ್ಟಿಲು ಶಾಸ್ತ್ರದಲ್ಲಿ ಮಗುವಿಗೆ ಡಾಕ್ಟರಮ್ಮನ ಹೆಸರನ್ನೇ ಇಟ್ಟರು: ಸರ್ವಮಂಗಳಾ. ವರ್ಷವರ್ಷವೂ ಹುಟ್ಟುಹಬ್ಬಕ್ಕೆ ಹಣ್ಣು, ಹೋಳಿಗೆ, ಶಾಲು ಹೊತ್ತು ನರ್ಸಿಂಗ್ ಹೋಮಿಗೆ ಮೆರವಣಿಗೆ. ಸನ್ಮಾನದ ಫೋಟೋ ಅಲ್ಲಿನ ಗೋಡೆಯ ಮೇಲೆ.

ಈ ವರ್ಷ ಮನೆ ಹತ್ತಿರದ ಹೊಸ ಕ್ಲಿನಿಕ್ಕಿನ ಡಾಕ್ಟರು ಪರೀಕ್ಷೆ ಮಾಡಿ ಹುಬ್ಬು ಗಂಟಿಕ್ಕಿದರು. "ಹೆರಿಗೇಲಿ ಒಳಗಿನ ಸ್ನಾಯು ಹರಿದಿದೆ. ಯಾರೂ ನೋಡೇ ಇಲ್ಲ, ಬರೀ ಮೇಲ್ಗಡೆ ಹೊಲಿಗೆ ಹಾಕಿದಾರೆ."

ಜ್ಯೋತ್ಸ್ನಾ ಹೋಗಿ ಕಂಡ ವಕೀಲ ಸೋಮನಾಥ್ ಅಂದರು: "ಕೇಸು ಹಾಕ್ಬಹುದು, ಮೇಡಂ. ತಡ ಮಾಡ್ಬೇಡಿ. ದಯವಿಟ್ಟು ಈ ಸಲ ಸನ್ಮಾನ ಮಾಡ್ಬೇಡಿ."

ಮನೆಯಲ್ಲಿ ಮಹಾಯುದ್ಧ. "ಮಗೂಗೆ ಯಾರ ಹೆಸರಿಟ್ಟಿದೀವೋ ಅವರ ಮೇಲೇ ಕೇಸಾ? ನಾಳೆ ಮಗೂನ ನಾನು ಏನಂತ ಕೂಗ್ಲಿ?" ಎಂದರು ಶಾಂತಾದೇವಿ. ಗಂಡ ಶಶಿಕಾಂತ್, "ಇಬ್ರು ಹೇಳೋದೂ ಸರೀನೇ" ಎಂದು ಸ್ಕೂಟರ್ ಒರೆಸಲು ಹೊರಟ. ಆ ಸ್ಕೂಟರು ಆ ವಾರ ಹೊಳೆದಷ್ಟು ಎಂದೂ ಹೊಳೆದಿರಲಿಲ್ಲ.

ಹುಟ್ಟುಹಬ್ಬ ಬಂತು, ಮೆರವಣಿಗೆಯೂ ಹೊರಟಿತು. ಡಾಕ್ಟರಮ್ಮನ ಎದುರು ಕೂತ ಜ್ಯೋತ್ಸ್ನಾ ಬಾಯಿಬಿಟ್ಟಳು. "ನಂಗೆ ಇನ್ನೂ ಹಾಗೇ ಇದೆ, ಡಾಕ್ಟ್ರೇ."

"ಅದೆಲ್ಲ ಮನಸ್ಸಿಂದು. ಯೋಗ ಮಾಡು."

ಅಷ್ಟರಲ್ಲಿ ಪ್ರಕೃತಿಯ ಕರೆ ಬಂತು. ಎದ್ದು ಓಡಿದಳು. ಶೌಚಾಲಯದ ಒಳಗಿಂದ ಯಾರೋ "ಇದೀನಿ, ಇದೀನಿ" ಎಂದು ಕೂಗಿದರು. ಬಾಗಿಲು ತೆರೆಯುವುದರೊಳಗೆ ಕೋಟೆ ಬಿದ್ದಿತ್ತು.

ಶಾಂತಾದೇವಿ ಶಾಲಿನ ಚೀಲ ಹಿಡಿದು ಬೈಯುತ್ತಲೇ ಹಿಂದೆ ಬಂದರು. "ದೊಡ್ಡವರು ಮಾತಾಡ್ತಿರುವಾಗ ಎದ್ದು ಬರ್ತಾರೇನೇ?" ಅಷ್ಟರಲ್ಲಿ ಒಳಸೇರಿದ್ದ ಜ್ಯೋತ್ಸ್ನಾ ಬಾಗಿಲು ಸ್ವಲ್ಪ ತೆರೆದಳು. ಇಷ್ಟು ವರ್ಷ ಮನೆಯವರು ಏಳುವ ಮುಂಚೆಯೇ ಒಗೆದು ಮುಚ್ಚಿಟ್ಟದ್ದನ್ನು ಶಾಂತಾದೇವಿ ಕಣ್ಣಾರೆ ಕಂಡರು. ಚೀಲದಿಂದ ಜರಿಯಂಚಿನ ಹೊಸ ಶಾಲು ತೆಗೆದು ಸೊಸೆಯ ಸೊಂಟಕ್ಕೆ ಬಿಗಿಯಾಗಿ ಸುತ್ತಿದರು.

ಇತ್ತ ಡಾಕ್ಟರಮ್ಮ ಸೆರಗು ಸರಿಮಾಡಿಕೊಂಡು ಕೊರಳು ಚಾಚಿ ಸಿದ್ಧ. ರಿಸೆಪ್ಷನಿಸ್ಟ್ ಮೊಬೈಲ್ ಎತ್ತಿ ಸಿದ್ಧ. ಶಾಂತಾದೇವಿ ಮೇಜಿನ ಮೇಲಿದ್ದ ಹಣ್ಣಿನ ಬುಟ್ಟಿಯನ್ನೂ ಎತ್ತಿಕೊಂಡು, "ಬರ್ತೀವಿ" ಎಂದರು.

ಶಶಿಕಾಂತ್ ಮಗುವನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದ. ಆಟೋದಲ್ಲಿ ಅತ್ತೆ ಗೊಣಗಿದರು: "ಬೆಳ್ಳುಳ್ಳಿ ಹಾಕ್ದೆ ನಾನು... ಆ ಲಾಯರಿಗೆ ಫೋನ್ ಮಾಡು. ಮಗು ಹೆಸರು ಮಾತ್ರ ಬದಲಾಯಿಸ್ಕೂಡ್ದು. ಅದೇನು ತಪ್ಪು ಮಾಡಿದೆ?"

ಸೋಮನಾಥ್ ಫೋನಿನಲ್ಲಿ ಹುರುಪಿನಿಂದ ವಿವರಿಸಿದರು: ವಾಯಿದೆ ಮೇಲೆ ವಾಯಿದೆ, ಬಂದಾಗಲೆಲ್ಲ ಸಾಯಂಕಾಲದವರೆಗೆ ಕಾಯಬೇಕು, ವರ್ಷಗಳೇ ಹಿಡಿಯಬಹುದು.

"ಸಾರ್, ಕೋರ್ಟಲ್ಲಿ ಟಾಯ್ಲೆಟ್ ಎಲ್ಲಿದೆ?"

"ಇದುವರೆಗೂ ಯಾರೂ ಕೇಳಿಲ್ಲ, ಮೇಡಂ. ನೋಡ್ಕೊಂಡು ಬಂದು ಹೇಳ್ತೀನಿ."

ಆಟೋ ಸಿಗ್ನಲ್ಲಿನಲ್ಲಿ ನಿಂತಿತು, ಮುಂದೆ ಅಲ್ಲಾಡುವ ಲಕ್ಷಣವಿಲ್ಲ. ಜ್ಯೋತ್ಸ್ನಾಳ ಕಣ್ಣು ಅಭ್ಯಾಸದಂತೆ ದರ್ಶಿನಿ ಹುಡುಕಿತು. ಪಕ್ಕದಲ್ಲಿ ಶಾಂತಾದೇವಿಯೂ ಕುತ್ತಿಗೆ ಉದ್ದ ಮಾಡಿ ಅದನ್ನೇ ಹುಡುಕುತ್ತಿದ್ದರು.