ಏಳು ಸ್ವಿಚ್ಚಿನ ಸೃಷ್ಟಿ

ವೋಲ್ಟೇಜ್ ಮಾಮನ ದೀಪದ ಅಂಗಡಿಗೆ ಹೊಕ್ಕವರು ಬರಿಗೈಯಲ್ಲಿ ಹೊರಬರುವುದು ಅಪರೂಪ. ಬಲ್ಬು ಕೇಳಿದವರಿಗೆ ಅವನು ಮೊದಲು ಮನೆಯ ಗೋಡೆಯ ಬಣ್ಣ ಕೇಳುತ್ತಾನೆ. ಆಮೇಲೆ ಮನೆಯಲ್ಲಿ ಓದುವವರು ಯಾರು, ಹೊಲಿಯುವವರು ಯಾರು, ಕನ್ನಡಕ ಹಾಕುವವರು ಯಾರು ಎಂದು ವಿಚಾರಿಸುತ್ತಾನೆ. ಹೆಣ್ಣು ಕೊಡುವವರು ಕೂಡ ಇಷ್ಟು ಕೆದಕುವುದಿಲ್ಲ. ಕೊನೆಗೆ ಗಿರಾಕಿ, ಇಷ್ಟು ದಿನ ತಾನು ಕತ್ತಲೆಯಲ್ಲೇ ಬದುಕಿದ್ದೆ ಎಂಬ ಹೊಸ ತಿಳಿವಳಿಕೆಯೊಂದಿಗೆ, ಒಂದು ಟ್ಯೂಬ್‌ಲೈಟು, ಒಂದು ಮೇಜಿನ ದೀಪ ಹಿಡಿದು ಮೆಟ್ಟಿಲಿಳಿಯುತ್ತಾನೆ. ಬಲ್ಬು ಮರೆತೇ ಹೋಗಿರುತ್ತದೆ. ಅದಕ್ಕಾಗಿ ಮತ್ತೆ ಬರುತ್ತಾನೆ.

ಮಾರುವ ಮುನ್ನ ಪ್ರತಿ ಬಲ್ಬನ್ನೂ ಕೌಂಟರಿನ ಮೇಲಿನ ಹೋಲ್ಡರಿಗೆ ಸಿಕ್ಕಿಸಿ ಉರಿಸಿ ತೋರಿಸುವುದು ಅವನ ಪದ್ಧತಿ. "ಹತ್ತಿತಾ? ಹತ್ತಿತು. ಮುಗೀತು," ಎನ್ನುತ್ತಾನೆ. ಅಂಗಡಿಯ ವೇದಾಂತವೆಲ್ಲ ಇಷ್ಟೇ. ಉತ್ಸಾಹ ಬಂದರೆ ಧ್ವನಿ ಏರಿ, ಯಾರಾದರೂ ತಡೆದರೆ ಥಟ್ಟನೆ ಇಳಿಯುವುದರಿಂದ ಮಕ್ಕಳು ಅವನಿಗೆ ವೋಲ್ಟೇಜ್ ಮಾಮ ಎಂದು ಹೆಸರಿಟ್ಟಿದ್ದರು. ಅವನಿಗೂ ಅದು ಒಪ್ಪಿಗೆಯೇ. ಖರ್ಚಿಲ್ಲದ ಜಾಹೀರಾತನ್ನು ಯಾವ ವ್ಯಾಪಾರಿ ಬೇಡವೆಂದಾನು?

ಭಾನುವಾರ ಅಂಗಡಿಗೆ ಬಾಗಿಲು. ಅಂದು ಅವನು ಚರ್ಚಿನ ಹಿಂಬದಿಯ ಕೋಣೆಯಲ್ಲಿ, ಮೊಣಕಾಲೆತ್ತರದ ಬೆಂಚುಗಳ ನಡುವೆ ನಿಂತು ಮಕ್ಕಳಿಗೆ ಬೈಬಲ್ಲಿನ ಪಾಠ ಹೇಳುತ್ತಿದ್ದ. ಅವನ ಅಕ್ಕ ಮಾತ್ರ ಅದೇ ಹೊತ್ತಿನಲ್ಲಿ ಅಂಗಡಿಯ ಮೇಲಿನ ಮನೆಯ ಕಿಟಕಿಯ ಬಳಿ ಚಹಾ, ಪತ್ರಿಕೆ ಹಿಡಿದು ಕೂತಿರುತ್ತಿದ್ದಳು.

ಅಕ್ಕ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ಊರಿಗೆಲ್ಲ ಟೀಚರಕ್ಕ. ಅವಳು ಚರ್ಚು ಬಿಟ್ಟದ್ದಕ್ಕೆ ಕಾರಣ ಒಂದೇ ಒಂದು ಪ್ರಶ್ನೆ. ಹಿಂದಿನ ಪಾದ್ರಿಗಳು ಒಮ್ಮೆ ಬೈಬಲ್ಲಿನ ಆದಿಕಾಂಡದ, ಏಳು ದಿನಗಳ ಸೃಷ್ಟಿಯ ಕಥೆ ವಿವರಿಸುತ್ತಿದ್ದಾಗ ಅವಳು ಎದ್ದು ನಿಂತಿದ್ದಳು. "ಅಯ್ಯನವರೇ, ಮೂರನೇ ದಿನ ಗಿಡಮರ ಬಂತು, ನಾಲ್ಕನೇ ದಿನ ಸೂರ್ಯ ಬಂದ ಅಂತಿದೆ. ಹಾಗಾದ್ರೆ ಮೊದಲನೇ ದಿನದ ಬೆಳಕು ಎಲ್ಲಿಂದ ಬಂತು?" ಅವರು ನಕ್ಕು, "ಟೀಚರಮ್ಮ, ಪ್ರಶ್ನೆ ಕೇಳೋಕೆ ನಿಮಗೆ ಶಾಲೆ ಇದೆಯಲ್ಲ, ಅಲ್ಲೇ ಕೇಳಿ," ಅಂದರು. ಅಕ್ಕ ಮಾತನ್ನು ಅಕ್ಷರಶಃ ಪಾಲಿಸಿದಳು. ಆ ಪಾದ್ರಿಗಳು ವರ್ಗವಾಗಿ ಹೋದರು, ಹೊಸಬರು ಬಂದರು. ಅಕ್ಕನ ಚಹಾ, ಪತ್ರಿಕೆ ಹಾಗೇ ಉಳಿದವು.

ಪ್ರಾರ್ಥನೆಯ ಹಾಡಿಗೆ ಪಕ್ಕದಲ್ಲಿ ಅಕ್ಕನ ಧ್ವನಿ ಇಲ್ಲದಿದ್ದರೆ ಮಾಮನಿಗೆ ಶ್ರುತಿ ಸಿಗುತ್ತಿರಲಿಲ್ಲ. ಚಿಕ್ಕಂದಿನಿಂದ ಅವಳ ಬೆನ್ನಿಗೇ ಅಂಟಿ ಹಾಡಿದವನು. ಈಗ ಒಬ್ಬನೇ ಹಾಡಿದರೆ ಮುಂದಿನ ಬೆಂಚಿನ ದರ್ಜಿ ತಿರುಗಿ ತಿರುಗಿ ನೋಡುತ್ತಿದ್ದ. ಮಾಮನಿಗೆ ಬೇಕಾಗಿದ್ದುದು ಹೆಚ್ಚೇನಲ್ಲ. ಅಕ್ಕ ಮತ್ತೆ ಬಂದು ಪಕ್ಕದಲ್ಲಿ ಕೂರಬೇಕು, ಅಷ್ಟೇ.

ಬೇಡಿಕೊಂಡರೆ ಬರುವ ಗಿರಾಕಿಯಲ್ಲ ಅವಳು. ಅವಳಿಗೆ ಬೇಕಾದ ಸರಕನ್ನೇ ಅಲ್ಲಿಗೆ ತರಿಸಬೇಕು ಎಂದು ಮಾಮ ಲೆಕ್ಕ ಹಾಕಿದ. ಮಕ್ಕಳ ವಾರ್ಷಿಕ ಸಂಜೆ ಹತ್ತಿರ ಬಂದಿತ್ತು. ಈ ಸಲ ಹಾಡು, ನಾಟಕ ಬೇಡ, ಸೃಷ್ಟಿಯ ಏಳು ದಿನಗಳನ್ನು ದೀಪಗಳಲ್ಲೇ ತೋರಿಸೋಣ, ಅದೂ ವಿಜ್ಞಾನಕ್ಕೆ ಹೊಂದುವ ಹಾಗೆ ಎಂದು ಪಾದ್ರಿಗಳನ್ನು ಒಪ್ಪಿಸಿದ. ಪಾದ್ರಿಗಳು ವಯಸ್ಸಿನಲ್ಲಿ ಚಿಕ್ಕವರು, ಬಲ್ಬು ಕೊಳ್ಳಲು ಹೋಗಿ ಮೇಜಿನ ದೀಪ ತಂದವರಲ್ಲಿ ಅವರೂ ಒಬ್ಬರು.

ಒಂದು ಸಂಜೆ ಮಾಮ ಮೇಲೆ ಹೋಗಿ ಅಕ್ಕನ ಮುಂದೆ ಕೂತ.

"ಅಕ್ಕಾ, ನಿನ್ನ ಪ್ರಶ್ನೆಗೆ ಉತ್ತರ ಸಿಕ್ತು."

"ಇಷ್ಟು ಬೇಗ?" ಅಕ್ಕ ಪತ್ರಿಕೆ ಇಳಿಸಲಿಲ್ಲ.

"ಫಾಲ್ಸ್ ಸೀಲಿಂಗು."

ಪತ್ರಿಕೆ ಇಳಿಯಿತು.

"ಅಲ್ವಾ ಮತ್ತೆ? ದೊಡ್ಡ ಹೋಟೆಲಿಗೆ ಹೋಗ್ತೀಯ, ರೂಮ್ ತುಂಬ ಬೆಳಕಿರುತ್ತೆ, ಬಲ್ಬು ಎಲ್ಲೂ ಕಾಣಲ್ಲ. ಒಳಗೆ ಮರೆಯಲ್ಲಿರುತ್ತೆ. ಹಾಗೇನೇ ಇದೂ. ಭೂಮಿ ಸುತ್ತ ದಟ್ಟ ಹಬೆ. ಬೆಳಕು ಸೋಸಿ ಬರ್ತಿದೆ, ಸೂರ್ಯ ಕಾಣಲ್ಲ. ನಾಲ್ಕನೇ ದಿನ ಹಬೆ ಸರೀತು, ಸೂರ್ಯ ಕಂಡ. ದಿನ ಅಂದ್ರೆ ನಮ್ಮ ದಿನ ಅಲ್ಲ, ಯುಗ. ಮೊದಲನೇ ದಿನ ಮಹಾಸ್ಫೋಟ. ಎರಡನೇ ದಿನ ಗಾಳಿ ನೀರು ಬೇರೆ ಬೇರೆ. ಒಂದೊಂದಕ್ಕೂ ಒಂದೊಂದು ಕೂರಿಸಿದ್ದೀನಿ."

"ಹಣ್ಣಿನ ಮರ ಮೂರನೇ ದಿನ, ಮೀನು ಐದನೇ ದಿನ. ಆದ್ರೆ ಸಮುದ್ರದಲ್ಲಿ ಮೀನು ಈಜಾಡ್ತಿದ್ದಾಗ ಭೂಮಿ ಮೇಲೆ ಹಣ್ಣಿನ ಮರದ ಸುಳಿವೂ ಇರಲಿಲ್ಲ. ಅದನ್ನೆಲ್ಲಿ ಕೂರಿಸ್ತೀಯ?"

ಮಾಮನ ವೋಲ್ಟೇಜು ಇಳಿಯಿತು. "ಅದೊಂದು ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಅಕ್ಕ."

"ಇದು ನಿನ್ನ ಅಂಗಡಿಯಲ್ಲ ಚೌಕಾಸಿ ಮಾಡೋಕೆ. ಲೋ, ಅದನ್ನ ಬರೆದವರು ಚಿತ್ರ ಬರೆದಿದ್ದಾರೆ. ನೀನು ಅದನ್ನ ಮಿಕ್ಸಿಯ ಬಿಡಿಭಾಗದ ಹಾಗೆ ಎಲ್ಲೆಲ್ಲೋ ತಿರುಪು ಹಾಕಿ ಸಿಕ್ಕಿಸ್ತಿದ್ದೀಯ."

"ಬಂದು ನೋಡು. ಆಮೇಲೆ ಬೈಯಿ."

ಅಕ್ಕ ಪತ್ರಿಕೆಯನ್ನು ಮಡಚಿಟ್ಟಳು. ಅವಳಿಗೂ ಅವನ ಲೆಕ್ಕಾಚಾರ ಅರ್ಥವಾಗದೆ ಇರಲಿಲ್ಲ. "ಒಂದು ಸಲ ಬರ್ತೀನಿ. ಅಲ್ಲಿ ಇದೇ ಕಲಸುಮೇಲೋಗರ ಆದ್ರೆ, ಮತ್ತೆ ಯಾವತ್ತೂ ನನ್ನ ಚರ್ಚಿಗೆ ಕರೀಬಾರದು. ಒಪ್ಪಿಗೆನಾ?"

ಕೊಂಚ ಯೋಚಿಸಿದ್ದರೆ ಒಳ್ಳೆಯದಿತ್ತು. ಆದರೆ ಗಿರಾಕಿ ಕೈ ಚಾಚಿದಾಗ ಯೋಚಿಸುವ ಅಭ್ಯಾಸ ಮಾಮನಿಗಿರಲಿಲ್ಲ. "ಒಪ್ಪಿಗೆ," ಅಂದುಬಿಟ್ಟ.

ಕೆಲಸ ಜೋರಾಗಿ ಸಾಗಿತು. ಚರ್ಚಿನ ಸಭಾಂಗಣದ ವೇದಿಕೆಯ ಮೇಲೆ ಕಪ್ಪು ಬಟ್ಟೆ ಇಳಿಬಿಟ್ಟು, ಮಕ್ಕಳು ರಟ್ಟಿನಲ್ಲಿ ಕತ್ತರಿಸಿದ ಮೀನು, ಮರ, ಆನೆ, ಮನುಷ್ಯರನ್ನು ಅಂಟಿಸಿದ್ದಾಯಿತು. ಪ್ರತಿ ದಿನದ ಚಿತ್ರಕ್ಕೂ ಅದರದೇ ದೀಪ. ಮೊದಲನೆಯ ದಿನಕ್ಕೆ ಅಂಗಡಿಯಲ್ಲಿದ್ದ ಅತಿ ದೊಡ್ಡ ಬಿಳಿ ದೀಪ. ಏಳನೆಯ ದಿನ ದೇವರು ವಿಶ್ರಾಂತಿ ಪಡೆದದ್ದಕ್ಕೆ ಮಲಗುವ ಕೋಣೆಯ ಒಂದು ನೀಲಿ ದೀಪ. ಸೂರ್ಯನ ಮುಂದೆ ಹಬೆಯ ಬದಲು ಒಂದು ತೆಳು ಪ್ಲಾಸ್ಟಿಕ್ ಹಾಳೆ, ಅದಕ್ಕೊಂದು ದಾರ.

ಪಕ್ಕದ ಬೀದಿಯ ವೈರಿಂಗ್‌ನವನು, "ಸ್ವಿಚ್ ಬೋರ್ಡು ನಾನು ಜೋಡಿಸಿಕೊಡ್ತೀನಿ ಬಿಡಿ ಮಾಮ," ಅಂದ.

"ಅಂಗಡಿ ಹಾಕೋ ಮುಂಚೆ ನಾನೂ ಇದೇ ಕೆಲಸ ಮಾಡ್ತಿದ್ದೋನು. ಆಗ ನಿನಗೆ ಹಲ್ಲು ಕೂಡ ಬಂದಿರಲಿಲ್ಲ," ಎಂದು ಮಾಮ ಅವನನ್ನು ಅಟ್ಟಿದ.

ಆ ಕೆಲಸದವರಿಗೆಲ್ಲ ಗೊತ್ತಿರುವ ಒಂದು ಸಂಗತಿ ಇದೆ. ಬೋರ್ಡಿಗೆ ವಯರು ಸೇರಿಸುವುದು ಹಿಂಬದಿಯಿಂದ. ಅದನ್ನು ಬೋರಲು ಹಾಕಿ ಎಡದಿಂದ ಶುರು ಮಾಡಿದರೆ, ಎತ್ತಿ ನಿಲ್ಲಿಸಿದಾಗ ಎಡಕ್ಕಿದ್ದದ್ದು ಬಲಕ್ಕೆ ಬಂದಿರುತ್ತದೆ. ಕೈ ಪಳಗಿದವರು ಬಲದಿಂದ ಶುರು ಮಾಡುತ್ತಾರೆ. ವರ್ಷಗಟ್ಟಲೆ ಅಂಗಡಿಯ ಸ್ಟೂಲಿನ ಮೇಲೆ ಕೂತು ಕೈ ಮರೆತ ಮಾಮ ಎಡದಿಂದ ಶುರು ಮಾಡಿದ. ಆಮೇಲೆ ಪರೀಕ್ಷೆಯನ್ನೇನೋ ಮಾಡಿದ, ಆದರೆ ತನ್ನ ಕೌಂಟರಿನ ಪದ್ಧತಿಯಲ್ಲಿ. ಏಳೂ ಸ್ವಿಚ್ಚನ್ನು ಒಟ್ಟಿಗೆ ಒತ್ತಿ, ಏಳೂ ದೀಪ ಹತ್ತಿದ್ದು ನೋಡಿ, ಸ್ಕ್ರೂಡ್ರೈವರು ಜೇಬಿಗೆ ಹಾಕಿಕೊಂಡ. ಬಲ್ಬು ಹತ್ತಿತೇ ಎಂದು ಕೇಳುವವನಿಗೆ, ಯಾವುದು ಮೊದಲು ಹತ್ತಿತು ಎಂದು ಕೇಳುವ ಪ್ರಮೇಯ ಎಂದೂ ಬಂದಿರಲಿಲ್ಲ.

ವಾರ್ಷಿಕ ಸಂಜೆ ಸಭಾಂಗಣ ತುಂಬಿತ್ತು. ಟೀಚರಕ್ಕ ಬಂದು ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ಎದ್ದು ಹೋಗಲು ಅನುಕೂಲದ ಜಾಗ. ಮಾಮ ವೇದಿಕೆಯ ಅಂಚಿನಲ್ಲಿ ಬೋರ್ಡಿನ ಹಿಂದೆ ನಿಂತ. ಒಳ್ಳೆಯ ಅಂಗಿ, ಬಾಚಿದ ತಲೆ. ದೀಪಗಳೆಲ್ಲ ಆರಿದವು. ತರಗತಿಯಲ್ಲೇ ಅತಿ ಗಟ್ಟಿ ಗಂಟಲಿನ ಹುಡುಗಿ ಮುಂದೆ ಬಂದು ಸಾರಿದಳು: "ಮೊದಲನೆಯ ದಿನ. ದೇವರು ಬೆಳಕಾಗಲಿ ಅಂದನು."

ಮಾಮ ಎಡತುದಿಯ ಸ್ವಿಚ್ಚು ಒತ್ತಿದ. ಮೂಲೆಯಲ್ಲಿದ್ದ ಏಳನೆಯ ದಿನದ ನೀಲಿ ದೀಪ ಮಿಣಮಿಣ ಹತ್ತಿತು.

"ಇನ್ನೂ ಕೆಲಸವೇ ಶುರುವಾಗಿಲ್ಲ, ಆಗಲೇ ಮಲಗೋ ತಯಾರಿ," ಎಂದ ದರ್ಜಿ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ.

ವಯರೇನೋ ಸಡಿಲವಾಗಿದೆ ಎಂದುಕೊಂಡ ಮಾಮ ಹುಡುಗಿಗೆ ಮುಂದುವರಿಯಲು ಸನ್ನೆ ಮಾಡಿದ. "ಎರಡನೆಯ ದಿನ. ದೇವರು ಕೆಳಗಿನ ನೀರನ್ನೂ ಮೇಲಿನ ನೀರನ್ನೂ ಬೇರೆ ಮಾಡಿದನು." ಆರನೆಯ ದಿನ ಬರಬೇಕಾದ ಗಂಡಸು, ಹೆಂಗಸು, ಒಂದು ಆನೆ, ಒಂದು ಮೇಕೆ ಸಾಲಾಗಿ ಬೆಳಗಿ ನಿಂತವು.

"ನೀರು ಬರೋಕೆ ಮುಂಚೆನೇ ಕ್ಯೂ ನಿಂತಿದ್ದಾರೆ ನೋಡಿ," ಎಂದ ಮತ್ತೆ ದರ್ಜಿ.

ಸಭಾಂಗಣ ಗೊಳ್ಳೆಂದಿತು. ಮೂರನೆಯ ದಿನ ಒಣನೆಲ ಕಾಣಿಸಿತು ಎಂದು ಹುಡುಗಿ ಕೂಗಿದಾಗ ಮೀನುಗಳು ಹೊಳೆದವು. ಯಾರೋ ಅಜ್ಜಿ, "ಪಾಪ, ಅವಕ್ಕೊಂದು ತಂಬಿಗೆ ನೀರಾದ್ರೂ ಹುಯ್ರಪ್ಪ," ಎಂದು ಮರುಗಿದರು. ಮಾಮನ ಬಾಚಿದ ತಲೆಯಿಂದ ಬೆವರಿಳಿಯಿತು. ನಾಲ್ಕನೆಯದನ್ನು ಕಣ್ಣುಮುಚ್ಚಿಕೊಂಡೇ ಒತ್ತಿ ದಾರ ಎಳೆದ. ಹಾಳೆ ಸರಿದು ಸೂರ್ಯ ಚೆಂದವಾಗಿ ಮೂಡಿದ. ಜನ ಚಪ್ಪಾಳೆ ತಟ್ಟಿದರು. ಏಳರಲ್ಲಿ ನಡುವಿನದು ಯಾವ ಕಡೆಯಿಂದ ಎಣಿಸಿದರೂ ನಡುವಿನದೇ ಎಂಬುದು ಮಾಮನಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಸದ್ಯ, ಸರಿಹೋಯಿತು ಎಂದು ಉಸಿರುಬಿಟ್ಟು, ಐದನೆಯ ದಿನದ ಮೀನು, ಹಕ್ಕಿಗಳಿಗಾಗಿ ಉತ್ಸಾಹದಿಂದ ಐದನೆಯ ಸ್ವಿಚ್ಚು ಒತ್ತಿದ.

ಹಣ್ಣಿನ ಮರಗಳು.

ಹುಡುಗಿ ಬಾಯಿ ಮುಚ್ಚಿ ಮಾಮನ ಕಡೆ ತಿರುಗಿದಳು. ಮಾಮ ಕೊನೆಯ ಸಾಲಿನ ಕಡೆ ನೋಡಿದ. ಬಾಗಿಲ ಪಕ್ಕದ ಕುರ್ಚಿ ಖಾಲಿಯಾಗಿತ್ತು. ಮುಗಿಯಿತು, ಇನ್ನು ಜೀವಮಾನವಿಡೀ ಒಬ್ಬನೇ ಹಾಡುವುದು ಎಂದುಕೊಂಡು ಪರದೆಯ ಹಗ್ಗಕ್ಕೆ ಕೈ ಹಾಕಿದ.

"ಪರದೆ ಎಳೀಬೇಡ," ಎಂದಿತು ಪಕ್ಕದಲ್ಲೇ ಒಂದು ಧ್ವನಿ. ಅಕ್ಕ ಹೊರಗೆ ಹೋಗಿರಲಿಲ್ಲ, ಗೋಡೆಬದಿಯಿಂದ ನಡೆದು ವೇದಿಕೆಗೆ ಬಂದಿದ್ದಳು. "ಎಲ್ಲಾ ಆರಿಸು. ನಾನು ಹೇಳಿದಾಗ ಒಂದು ಹಾಕು. ಮುಂದಿನದು ಹಾಕುವಾಗ ಹಿಂದಿನದನ್ನ ಆರಿಸು. ಕೇಳಿಸ್ತಾ?"

ಅವಳು ಮಕ್ಕಳ ಕಡೆ ತಿರುಗಿದಳು. ನಿವೃತ್ತಿಯಾದರೂ ಆ ಧ್ವನಿಗೆ ನಿವೃತ್ತಿಯಾಗಿರಲಿಲ್ಲ. ದರ್ಜಿ ಕೂಡ ನೆಟ್ಟಗೆ ಕೂತ.

"ನಿಮ್ಮ ಮಾಮ ಇವತ್ತು ಸೃಷ್ಟಿನ ಹಿಂದುಮುಂದಾಗಿ ಜೋಡಿಸಿದ್ದಾರೆ. ವಿಜ್ಞಾನಿಗಳು ಮಾಡಿದ್ದೂ ಅದನ್ನೇ. ಅವರು ಬೇಕಂತ ಮಾಡಿದ್ರು, ಅಷ್ಟೇ ವ್ಯತ್ಯಾಸ." ನಗು ಎದ್ದು ಅಡಗಿತು. "ದೂರದರ್ಶಕದಲ್ಲಿ ನೋಡಿದ್ರು. ದೂರದ ನಕ್ಷತ್ರಗಳ ಗುಂಪುಗಳೆಲ್ಲ ಒಂದರಿಂದ ಒಂದು ದೂರ ಓಡ್ತಾ ಇವೆ. ಇವತ್ತು ದೂರ ಇವೆ ಅಂದ್ರೆ, ನಿನ್ನೆ?"

"ಹತ್ತಿರ," ಅಂದವು ಮಕ್ಕಳು.

"ಅದಕ್ಕೂ ಮುಂಚೆ?"

"ಇನ್ನೂ ಹತ್ತಿರ."

"ಹಾಗಾದ್ರೆ ನಾವೂ ಹಿಂದಕ್ಕೆ ನಡೆಯೋಣ. ಹಾಕೋ."

ನೀಲಿ ದೀಪ ಹತ್ತಿತು. ಇದು ಇವತ್ತು, ನಾವೆಲ್ಲ ಆರಾಮವಾಗಿ ಕೂತಿರೋದು, ಅಂದಳು. ಅದು ಆರಿ ಮನುಷ್ಯರು ಬಂದರು, ಮನುಷ್ಯರು ಆರಿ ಮೀನು, ಹಕ್ಕಿ. "ಇಲ್ಲಿ ಕ್ರಮ ಸರಿಯಿಲ್ಲ. ಮೀನು ಹಣ್ಣಿನ ಮರಗಳಿಗಿಂತ ಹಳೇದು, ಹಕ್ಕಿ ಮೀನಿಗಿಂತ ಎಷ್ಟೋ ಹೊಸದು. ಪರೀಕ್ಷೆಯಲ್ಲಿ ಹೀಗೆ ಬರೆದ್ರೆ ಸೊನ್ನೆ ಕೊಡ್ತೀನಿ. ಇದು ರೈಲಿನ ವೇಳಾಪಟ್ಟಿ ಅಲ್ಲ, ಚಿತ್ರ. ಮುಂದೆ." ಸೂರ್ಯ ಬಂದ, ಆರಿದ. ಮರಗಳು ಆರಿದವು. ನೀರು ಆರಿತು. ಸಭಾಂಗಣ ಗವ್ವೆಂದಿತು.

"ಸೂರ್ಯ ಇಲ್ಲ, ಚಂದ್ರ ಇಲ್ಲ, ಒಂದು ನಕ್ಷತ್ರನೂ ಇಲ್ಲ. ಈಗ ಏನಿದೆ?"

"ಕತ್ತಲೆ."

"ನಾನೂ ಹಾಗೇ ಅಂದುಕೊಂಡು ಇದೇ ಚರ್ಚಲ್ಲಿ ಜಗಳ ಆಡಿದ್ದೆ. ಕೊನೇದು ಒತ್ತೋ."

ದೊಡ್ಡ ಬಿಳಿ ದೀಪ ಧಗ್ಗನೆ ಹತ್ತಿತು. ಜನ ಕಣ್ಣಿಗೆ ಕೈ ಅಡ್ಡ ಹಿಡಿದರು.

"ಬೆಳಕಿತ್ತು," ಅಂದಳು ಅಕ್ಕ. "ಎಲ್ಲಾ ಒತ್ತೊತ್ತಾಗಿ, ವಿಪರೀತ ಬಿಸಿಯಾಗಿತ್ತು. ಅದರಲ್ಲಿ ಬೆಳಕಿತ್ತು. ಸೂರ್ಯ ಹುಟ್ಟೋದಕ್ಕೆ ಎಷ್ಟೋ ಮುಂಚೆ. ಆ ಬೆಳಕು ತಣ್ಣಗಾಗಿ ಇವತ್ತಿಗೂ ಎಲ್ಲಾ ದಿಕ್ಕಿನಿಂದ ನಮ್ಮ ಮೇಲೆ ಬೀಳ್ತಾ ಇದೆ, ಕಣ್ಣಿಗೆ ಕಾಣಲ್ಲ, ಯಂತ್ರಕ್ಕೆ ಸಿಗುತ್ತೆ. ಈ ಕಥೆ ಬರೆದವರಿಗೆ ಇದೆಲ್ಲ ಗೊತ್ತಿತ್ತು ಅಂತ ನಾನು ಹೇಳಲ್ಲ. ಆದ್ರೆ ಸುತ್ತಮುತ್ತ ಎಲ್ಲರೂ ಸೂರ್ಯನೇ ದೇವರು ಅಂತಿದ್ದ ಕಾಲದಲ್ಲಿ, ಬೆಳಕು ಸೂರ್ಯನ ಸ್ವಂತ ಆಸ್ತಿ ಅಲ್ಲ ಅಂತ ಬರೆಯೋಕೆ ಎದೆಗಾರಿಕೆ ಬೇಕು."

ದೊಡ್ಡ ದೀಪವನ್ನು ನೇರವಾಗಿ ನೋಡಬೇಡಿ ಎಂದು ಗಿರಾಕಿಗಳಿಗೆಲ್ಲ ಬುದ್ಧಿ ಹೇಳುವ ಮಾಮ, ಅದನ್ನೇ ನೋಡುತ್ತ ನಿಂತಿದ್ದ. ಕಣ್ಣಲ್ಲಿ ನೀರು ಬಂದರೆ ಹೇಳಿಕೊಳ್ಳಲು ಒಂದು ಕಾರಣವಾದರೂ ಬೇಕಲ್ಲ.

ಗಟ್ಟಿ ಗಂಟಲಿನ ಹುಡುಗಿ ಕೈ ಎತ್ತಿದಳು. "ಟೀಚರಜ್ಜಿ, ಆ ಬೆಳಕಿಗಿಂತ ಮುಂಚೆ ಏನಿತ್ತು?"

"ಗೊತ್ತಿಲ್ಲ ಮರಿ."

ಎಲ್ಲರೂ ಪಾದ್ರಿಗಳ ಕಡೆ ನೋಡಿದರು. ಅವರು ಎದ್ದು ನಿಂತರು. "ದೇವರಿದ್ದ ಅಂತ ನಾನು ಹೇಳ್ತೀನಿ. ಹೇಗಿದ್ದ, ಏನು ಮಾಡ್ತಿದ್ದ ಅಂತ ನನಗೂ ಗೊತ್ತಿಲ್ಲ. ಟೀಚರಕ್ಕ, ಭಾನುವಾರ ಬರ್ತೀರಾ? ಈ ಮಕ್ಕಳು ಇನ್ನು ನನ್ನೊಬ್ಬನ ಕೈಗೆ ಸಿಗೋದಿಲ್ಲ."

ಅಕ್ಕ ವೇದಿಕೆಯಿಂದ ಇಳಿದು ಬಾಗಿಲ ಕಡೆ ನಡೆದಳು. ಮಾಮ ಅವಳ ಹಿಂದೆಯೇ ಮನೆಯ ದಾರಿ ಹಿಡಿದ. ಅಂಗಡಿಯ ಮುಂದೆ ಬಂದಾಗ ತಡೆಯಲಾಗಲಿಲ್ಲ. "ನಾನು ಬೇಕಂತಲೇ ಹಾಗೆ ಜೋಡಿಸಿದ್ದು ಅಕ್ಕ. ನಿನ್ನನ್ನ ಎಬ್ಬಿಸೋಕೆ."

"ಮೀನು ಬಂದಾಗ ನಿನ್ನ ಮುಖ ನೋಡಿದ್ದೀನಿ," ಅಂದಳು ಅಕ್ಕ. "ಮಾತಿನ ಪ್ರಕಾರ ನೀನಿನ್ನು ನನ್ನ ಕರೀಬಾರದು. ಕಲಸುಮೇಲೋಗರ ಆಯ್ತು ತಾನೇ?"

ಮಾಮ ತಲೆ ತಗ್ಗಿಸಿದ. "ಆಯ್ತು."

"ಸರಿ. ನೀನು ಕರೀಬೇಡ."

ಭಾನುವಾರ ಬೆಳಿಗ್ಗೆ ಅವನು ಇನ್ನೂ ಗಡ್ಡಕ್ಕೆ ಸೋಪು ಹಚ್ಚುತ್ತಿದ್ದ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. "ಲೋ, ಎಷ್ಟು ಹೊತ್ತು ಕನ್ನಡಿ ನೋಡ್ತೀಯ? ಪ್ರಾರ್ಥನೆ ಶುರುವಾಗೋ ಹೊತ್ತಾಯ್ತು. ನಾನೇನು ನಿನಗೆ ಕಾಯ್ತಾ ನಿಲ್ಲಲ್ಲ." ಅರ್ಧ ಗಡ್ಡ ಹಾಗೇ ಬಿಟ್ಟು ಓಡಿದ ಮಾಮ ಅವಳ ಪಕ್ಕ ಕೂತು ಹಾಡಿದ. ದರ್ಜಿ ಒಮ್ಮೆಯೂ ತಿರುಗಲಿಲ್ಲ.

ಆಮೇಲೆ ಇಬ್ಬರೂ ಹಿಂಬದಿಯ ಕೋಣೆಗೆ ಹೋದರು. ಅಲ್ಲಿ ಒಬ್ಬರಿಗೇ ನಿಲ್ಲುವ ಜಾಗವಿದ್ದದ್ದು. ಅಕ್ಕ ನಿಂತಳು. ಮಾಮ ಹಿಂದಿನ ಬೆಂಚಿನಲ್ಲಿ, ಮಂಡಿ ಗದ್ದಕ್ಕೆ ತಾಗುವಂತೆ ಕೂತ. ನೀರನ್ನು ಬೇರೆ ಮಾಡಿದ್ದರ ಅರ್ಥವೇನು ಎಂದು ಅಕ್ಕ ಕೇಳಿದಾಗ ಅವನ ವೋಲ್ಟೇಜು ಒಮ್ಮೆಲೇ ಏರಿತು.

"ಅಕ್ಕಾ, ಅದು ಹೇಗೆ ಅಂದ್ರೆ—"

"ಕೈ ಎತ್ತಿ ಮಾತಾಡೋ," ಅಂದಳು ಅಕ್ಕ.

ಮಾಮ ಕೈ ಎತ್ತಿದ. ಅಕ್ಕ ಮೊದಲು ಮಕ್ಕಳನ್ನೆಲ್ಲ ಕೇಳುತ್ತ ಹೋದಳು. ಅವನ ಕೈ ಮೇಲೇ ಇತ್ತು. ಮುಖದಲ್ಲಿ, ಮಾಲು ಮಾರಿ ಅಂಗಡಿಯನ್ನೂ ಕೊಟ್ಟುಬಿಟ್ಟು ಸಂತೋಷವಾಗಿ ಕೂತ ವ್ಯಾಪಾರಿಯ ಕಳೆಯಿತ್ತು.