ಪಟ್ಟಿಯ ಕೊನೆಯಲ್ಲಿದ್ದ ಆಮೆ

ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ವಿಜಯಕುಮಾರನ ಕೈಗೆ ಒಂದು ಹೆಸರಿತ್ತು. ಗೂಡಿನಿಂದ ನೂಲು ತೆಗೆಸುವ ರೀಲರೊಬ್ಬರಿಗೆ ಗೂಡು ಆರಿಸಿಕೊಡುವುದು ಅವನ ಕೆಲಸ. ಹರಾಜಿಗೆ ಬಂದ ಲಾಟಿನಿಂದ, ಅಂದರೆ ರಾಶಿಯಿಂದ, ಒಂದು ಹಿಡಿ ಎತ್ತಿ, ಬೆರಳಲ್ಲಿ ಅಮುಕಿ, ಕಿವಿಯ ಹತ್ತಿರ ಅಲುಗಾಡಿಸಿ, ಇದು ನೂಲು ಬಿಡುತ್ತದೆ, ಇದು ನಡುವೆ ಕಡಿಯುತ್ತದೆ ಎಂದು ಹೇಳಿಬಿಡುತ್ತಿದ್ದ. ಹೇಳಿದ್ದು ಹುಸಿಯಾಗುತ್ತಿದ್ದುದು ಕಡಿಮೆ. ವಯಸ್ಸು ಮೂವತ್ತಾರು. ಡಿಗ್ರಿಯಲ್ಲಿ ಅಂಕಿಅಂಶ ಶಾಸ್ತ್ರ ಓದಿದ್ದ. ಓದಿದ್ದಕ್ಕೂ ಮಾಡುತ್ತಿದ್ದ ಕೆಲಸಕ್ಕೂ ನಂಟು ಇಲ್ಲವೆಂದು ತಂದೆ ಕೊಟ್ಟೂರಪ್ಪ ಆಗಾಗ ಅನ್ನುತ್ತಿದ್ದರು. ಓದಿದ್ದೆಲ್ಲ ಎಲ್ಲಿಗೆ ಹೋಯಿತೆಂದು ಅವರಿಗೆ ಗೊತ್ತಿರಲಿಲ್ಲ. ಅದು ಹೋಗಿದ್ದು ಹೋಶಿಕೇನ್ ಆಟಕ್ಕೆ.

ಹೋಶಿಕೇನ್ ಎಂಬುದು ಜಪಾನಿನ ಒಂದು ಕಾರ್ಟೂನ್ ಸರಣಿಯಿಂದ ಹುಟ್ಟಿದ ಕಾರ್ಡಿನ ಆಟ. ಆಡುವ ಇಬ್ಬರೂ ತಂತಮ್ಮ ನಲವತ್ತು ಕಾರ್ಡುಗಳ ಕಟ್ಟು ತರಬೇಕು. ಅದನ್ನು ಡೆಕ್ಕು ಅನ್ನುತ್ತಾರೆ. ಇಬ್ಬರಿಗೂ ಎಂಟೆಂಟು ಗುರಾಣಿ. ಯಾರ ಗುರಾಣಿಗಳೆಲ್ಲ ಮೊದಲು ಒಡೆಯುತ್ತವೋ ಅವರು ಸೋತಂತೆ. ಕಾರ್ಡು ಸಾವಿರಾರು ಇರುವುದರಿಂದ ಡೆಕ್ಕು ಕಟ್ಟುವ ಬಗೆಗಳೂ ಹತ್ತಾರು. ಯಾವ ಬಗೆಗೆ ಬಲ ಹೆಚ್ಚು ಎನ್ನುವುದೇ ಆಡುವವರ ಮುಗಿಯದ ಜಗಳ.

ಆ ಜಗಳ ಹರಿಸುತ್ತಿದ್ದವನು ವಿಜಯಕುಮಾರ. ತಿಂಗಳಿಗೊಮ್ಮೆ ವಾಟ್ಸಾಪ್ ಗುಂಪಿನಲ್ಲಿ ಬಲಾಬಲದ ಪಟ್ಟಿ ಹಾಕುತ್ತಿದ್ದ. ಹಿಂದೂಪುರ, ಗೋರಂಟ್ಲ, ಕಲ್ಯಾಣದುರ್ಗಗಳಲ್ಲಿ ನಡೆದ ಪಂದ್ಯಗಳ ಫಲಿತಾಂಶವೆಲ್ಲ ಅವನ ನೋಟ್‌ಬುಕ್ಕಿನಲ್ಲಿ ಇರುತ್ತಿತ್ತು. ಮೊದಲ ಸ್ಥಾನ ಯಾವಾಗಲೂ ಕೆಂಪು ಗಿಡುಗಕ್ಕೆ. ಅದು ಐದನೇ ಸರದಿಗೆಲ್ಲ ಎದುರಾಳಿಯ ಗುರಾಣಿ ಪುಡಿ ಮಾಡುವ ಡೆಕ್ಕು. ಎರಡನೆಯದು ಉಕ್ಕಿನ ಕೋಟೆ. ಹನ್ನೊಂದನೆಯದು, ಅಂದರೆ ಕೊನೆಯದು, ಆಮೆ. ಒಡೆದ ಗುರಾಣಿಗಳನ್ನು ಒಂದೊಂದಾಗಿ ಮತ್ತೆ ಕಟ್ಟಿಕೊಳ್ಳುತ್ತ ಕೂರುವ ನಿಧಾನದ ಡೆಕ್ಕು ಅದು. ಅದರ ಪಕ್ಕದಲ್ಲಿ ಅವನು, ಇದನ್ನು ಪೆಟ್ಟಿಗೆಗೆ ಹಾಕಿ ಮರೆತುಬಿಡಿ ಎಂದು ಬರೆದಿದ್ದ. ಅದನ್ನು ಓದಿ ಇಬ್ಬರು ಮೂವರು ತಮ್ಮ ಆಮೆ ಡೆಕ್ಕನ್ನು ಬಿಚ್ಚಿಯೂ ಹಾಕಿದ್ದರು. ವಿಜಿ ಅಣ್ಣ ಹೇಳಿದ ಮೇಲೆ ಮುಗಿಯಿತು ಎನ್ನುವುದು ಗುಂಪಿನ ಮಾತು. ಮಾರುಕಟ್ಟೆಯಲ್ಲಿ ಅವನ ಮಾತು ರೀಲರನ ಮಾತಿನ ಕೆಳಗೆ. ಇಲ್ಲಿ ಮಾತ್ರ ಎಲ್ಲರ ಮೇಲೆ. ಅದು ಅವನಿಗೆ ಹಿತವಾಗಿತ್ತು.

ಪಟ್ಟಿ ಹಾಕಿದ ಮೂರನೆಯ ದಿನ ಗುಂಪಿಗೆ ಒಂದು ಧ್ವನಿ ಸಂದೇಶ ಬಂತು. ವಯಸ್ಸಾದ ಗಂಡಸಿನ ದನಿ, ಸ್ವಲ್ಪ ತೊದಲು.

"ಏನಪ್ಪ ವಿಜಯಕುಮಾರ, ನನ್ ಆಮೇನ ಕೊನೇಲಿ ಇಟ್ಬುಟ್ಟಿದ್ದೀಯ. ಒಂದ್ಸಲನಾದ್ರೂ ನೀನದುನ್ನ ಕೈಯಾಗೆ ಹಿಡ್ದು ಆಡಿದ್ಯಾ?"

ಗುಂಪು ನಕ್ಕಿತು. ವಿಜಯಕುಮಾರ ಮರ್ಯಾದೆಯಿಂದಲೇ ಉತ್ತರ ಬರೆದ: ಯಜಮಾನರೇ, ನಲವತ್ತೊಂದು ಪಂದ್ಯ ಆಡಿದ ಆಮೆ ಗೆದ್ದದ್ದು ಎಂಟೇ. ಅಂಕಿ ಸುಳ್ಳು ಹೇಳುವುದಿಲ್ಲ. ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ ಎಂದು ಅವನಿಗೇ ಗೊತ್ತಿತ್ತು. ಆಮೆಯನ್ನು ಅವನು ಒಮ್ಮೆಯೂ ಆಡಿರಲಿಲ್ಲ.

ಸಂದೇಶ ಕಳಿಸಿದವರು ಕಲ್ಯಾಣದುರ್ಗದ ಮುತ್ಯಾಲಪ್ಪ. ಇಪ್ಪತ್ತೆಂಟು ವರ್ಷ ಕುಂದುರ್ಪಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾದ ವರ್ಷವೇ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಬೆರಳಿಗೆ ದಿನವೂ ಏನಾದರೂ ಕೆಲಸ ಕೊಡಿ ಎಂದರಂತೆ ಡಾಕ್ಟರು. ಮಗಳು ಸುಜಾತಾ ಅಲ್ಲಿನ ಒಂದು ಶಾಲೆಯಲ್ಲಿ ಟೀಚರ್. ಕಾಲೇಜು ಹಾಸ್ಟೆಲಿನಲ್ಲಿ ಇದ್ದಾಗ ಕೂಡಿಟ್ಟ ಹೋಶಿಕೇನ್ ಕಾರ್ಡುಗಳನ್ನು ತಂದು ಅಪ್ಪನ ಕೈಗೆ ಕೊಟ್ಟಳು, ಬರೀ ಎತ್ತಿ ಇಡುವುದಕ್ಕೆ. ಒಂದು ವಾರ ಎತ್ತಿಟ್ಟ ಮುದುಕ ಎಂಟನೆಯ ದಿನ, ಈ ಕೊಂಬಿನವನು ಏನು ಮಾಡುತ್ತಾನೆ ಎಂದು ಕೇಳಿದರು. ಅಲ್ಲಿಂದ ಶುರುವಾಯಿತು. ಕಾರ್ಡಿನ ಮೇಲಿನ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಚಿತ್ರ ನೋಡಿ ತಾವೇ ಹೆಸರಿಟ್ಟುಕೊಂಡರು: ಕೊಡೆ ಹುಡುಗಿ, ಅಳುವ ಕಲ್ಲು, ಮೂರು ಕಣ್ಣಿನ ಟಗರು. ಯಾವ ಊರಿನಲ್ಲಿ ಯಾರು ಹತ್ತುತ್ತಾರೆ, ಎಲ್ಲಿ ಇಳಿಯುತ್ತಾರೆ ಎಂದು ನೆನಪಿಟ್ಟುಕೊಂಡಿದ್ದ ತಲೆಗೆ ನಲವತ್ತು ಕಾರ್ಡು ಯಾವ ಲೆಕ್ಕ.

ಇದೆಲ್ಲ ವಿಜಯಕುಮಾರನಿಗೆ ತಿಳಿದದ್ದು ಒಂದು ಭಾನುವಾರ ಎರಡು ಬಸ್ಸು ಬದಲಿಸಿ ಅವರ ಮನೆಗೇ ಹೋದಾಗ. ಯಾಕೆ ಹೋದೆ ಎಂದು ಹೆಂಡತಿ ಪುಷ್ಪಲತಾ ಆಮೇಲೆ ಕೇಳಿದ್ದಕ್ಕೆ, ಆ ಮುದುಕನಿಗೆ ತೋರಿಸಿಕೊಡಬೇಕಿತ್ತು ಎಂದ. ಅದು ನಿಜವೂ ಹೌದು. ಆಡದೆಯೇ ಬರೆದೆ ಎನ್ನುವ ಮುಳ್ಳು ಒಳಗೆ ಚುಚ್ಚುತ್ತಿದ್ದದ್ದೂ ನಿಜ.

ಸುಜಾತಾ ಚಹಾ ತಂದಿಟ್ಟಳು. ಚಾಪೆಯ ಮೇಲೆ ಎದುರುಬದುರು ಕೂತರು. ವಿಜಯಕುಮಾರ ತನ್ನ ಕೆಂಪು ಗಿಡುಗವನ್ನು ಬಿಚ್ಚಿದ. ನಾಲ್ಕು ಸರದಿಯಲ್ಲಿ ಆರು ಗುರಾಣಿ ಒಡೆದ. ಇನ್ನೆರಡು ಎಂದುಕೊಂಡ. ಆ ಎರಡು ಒಡೆಯಲೇ ಇಲ್ಲ. ಮುತ್ಯಾಲಪ್ಪ ಪ್ರತಿ ಸರದಿಯಲ್ಲೂ ಕಟ್ಟಿನೊಳಗೆ ಹುಡುಕಿ ಒಂದು ಕಾರ್ಡು ತೆಗೆಯುವರು, ಒಂದು ಗುರಾಣಿ ಕಟ್ಟುವರು, ಉಳಿದ ಕಟ್ಟನ್ನು ನಿಯಮದಂತೆ ಮತ್ತೆ ಕಲೆಸುವರು. ಬಲಗೈ ಬೆರಳುಗಳು ಮಡಚಿಯೇ ಇದ್ದುದರಿಂದ ಕಲೆಸುವುದಕ್ಕೆ ಹೊತ್ತು ಹಿಡಿಯುತ್ತಿತ್ತು. ಒಂದೆರಡು ಕಾರ್ಡು ಚಾಪೆಗೆ ಉದುರುತ್ತಿದ್ದವು. ಅವರು ಅವನ್ನು ಎಡಗೈಯಲ್ಲಿ ಎತ್ತಿಕೊಂಡು ಮುಂದುವರಿಸುವರು. ಗಿಡುಗದ ಕಸುವು ತೀರಿತು. ಆಮೆ ಮುಂದೆ ಬಂತು. ಅಂದು ಮೂರು ಆಟವಾಯಿತು. ಮೂರನ್ನೂ ವಿಜಯಕುಮಾರ ಸೋತ.

ಅದೃಷ್ಟ ಎಂದುಕೊಂಡು ಮುಂದಿನ ಭಾನುವಾರ ಮತ್ತೆ ಬಂದ. ಮೂರು ಆಟದಿಂದ ಏನೂ ತೀರ್ಮಾನಿಸಬಾರದು ಎಂದು ಕಲಿತಿದ್ದವನು, ಒಟ್ಟು ಮೂವತ್ತು ಆಟ ಆಡೋಣ ಎಂದ. ಅದಕ್ಕೆ ಎರಡು ಮೂರು ಭಾನುವಾರ ಹಿಡಿಯಿತು. ಮುತ್ಯಾಲಪ್ಪ ಮೂವತ್ತರಲ್ಲಿ ಹತ್ತೊಂಬತ್ತು ಗೆದ್ದರು. ಆಗ ಅವನಿಗೆ ಇನ್ನೊಂದು ಅನುಮಾನ: ಗೆದ್ದದ್ದು ಡೆಕ್ಕೋ, ಮನುಷ್ಯನೋ? ಡೆಕ್ಕು ಅದಲುಬದಲು ಮಾಡಿದರು. ಆಮೆಯನ್ನು ಅವನು ಹಿಡಿದ, ಸುಜಾತಾ ಗಿಡುಗ ಹಿಡಿದಳು. ಹತ್ತರಲ್ಲಿ ಆರು ಅವನೇ ಗೆದ್ದ. ಮುತ್ಯಾಲಪ್ಪ ಗಿಡುಗ ಹಿಡಿದು ಮೂರು ಆಟ ಆಡಿ, ಇದು ಬ್ರೇಕಿಲ್ಲದ ಗಾಡಿ, ನನಗೆ ಬೇಡ ಎಂದು ಕೆಳಗಿಟ್ಟರು.

ಮನೆಗೆ ಬಂದು ವಿಜಯಕುಮಾರ ಹಳೆಯ ನೋಟ್‌ಬುಕ್ ತೆಗೆದ. ಆಮೆ ಗೆಲ್ಲದ ಪಂದ್ಯ ಮೂವತ್ತಮೂರು. ಅವುಗಳಲ್ಲಿ ಇಪ್ಪತ್ತೊಂದರ ಎದುರು ತಾನೇ ಹಾಕಿದ್ದ ಪುಟ್ಟ ಗುರುತಿತ್ತು: ಟೈಮ್. ಪಂದ್ಯವೆಂದರೆ ಮೂರರಲ್ಲಿ ಎರಡು ಆಟ ಗೆಲ್ಲಬೇಕು; ಐವತ್ತು ನಿಮಿಷದಲ್ಲಿ ಅದು ಮುಗಿಯದೆ ಸಮವಾದವು ಅವು. ಅವನ್ನೆಲ್ಲ ಗೆಲ್ಲದ ಪಂದ್ಯಗಳ ಸಾಲಿಗೆ ಸೇರಿಸಿ, ಕೊನೆಗೆ ಅವನು ಸೋಲೆಂದೇ ಓದಿದ್ದ. ಗೂಡಿನ ಲಾಟು ನೋಡುವಾಗ ಮೇಲಿನ ಹಿಡಿ ಬಿಟ್ಟು ಅಡಿಯಿಂದ ತೆಗೆಯುತ್ತಿದ್ದ ತಾನು ಇಲ್ಲಿ ಮೇಲಿನದನ್ನೇ ನೋಡಿ ಬೆಲೆ ಕಟ್ಟಿದೆನಲ್ಲ ಎಂದುಕೊಂಡ.

ಆದರೂ ಅವನು ಕೂಡಲೇ ತಿದ್ದಲಿಲ್ಲ. ಹಿಂದೂಪುರದ ದೊಡ್ಡ ಪಂದ್ಯಕ್ಕೆ ಹದಿನೈದು ದಿನವಿತ್ತು. ಮೊದಲ ಇಬ್ಬರು ಬೆಂಗಳೂರಿನ ದಕ್ಷಿಣ ರಾಜ್ಯಗಳ ಪಂದ್ಯಕ್ಕೆ ಹೋಗುವವರು. ನಾಲ್ಕು ವರ್ಷದಿಂದ ಅವನಿಗೆ ಆ ಆಸೆ. ಈಗ ಪಟ್ಟಿ ಬದಲಿಸಿದರೆ ಎಲ್ಲರೂ ಕಾರಣ ಕೇಳುತ್ತಾರೆ, ತಾನು ಆಡುವ ಗಿಡುಗವನ್ನು ಆಮೆ ಹೇಗೆ ತಡೆಯುತ್ತದೆ ಎಂದು ಹೇಳಬೇಕಾಗುತ್ತದೆ. ಪಂದ್ಯ ಆದಮೇಲೆ ಬರೆಯುತ್ತೇನೆ ಎಂದು ಸುಜಾತಾಳಿಗೆ ಫೋನಿನಲ್ಲಿ ಹೇಳಿದ.

"ನಮ್ಮಪ್ಪ ಗೆಲ್ಲಾಕೆ ಬರಲ್ಲ ಅಣ್ಣ," ಎಂದಳು. "ಲಕ್ವ ಹೊಡೆದ್ಮೇಲೆ ಅವ್ರು ನಾಕ್ ಜನದ ಮಧ್ಯೆ ಕೂರ್ತಿರೋದು ಇದೇ ಮೊದ್ಲು. ಎದುರ್ಗೆ ಕೂತೋರು ನಿಮ್ ಪಟ್ಟಿ ನೋಡ್ಕಂಡು ನಗ್ತಾರೆ. ಅದೊಂದೇ ನಂಗೆ ಬೇಜಾರು."

ಆದರೂ ಪಟ್ಟಿ ಹಾಗೆಯೇ ಉಳಿಯಿತು.

ಪಂದ್ಯ ನಡೆದದ್ದು ಹಿಂದೂಪುರದ ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ. ನಡೆಸುತ್ತಿದ್ದವನು ರವಿತೇಜ, ಮೊಬೈಲ್ ಅಂಗಡಿಯವನು. ಮೂವತ್ತೆರಡು ಜನ, ಐದು ಸುತ್ತು. ಸೋತವರೂ ಐದೂ ಸುತ್ತು ಆಡುತ್ತಾರೆ; ಗೆಲುವಿಗೆ ಮೂರು ಅಂಕ, ಸಮಕ್ಕೆ ಒಂದು. ಮುತ್ಯಾಲಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮಗಳ ಜೊತೆ ಬಂದರು. ಸುಜಾತಾ ಹೇಳಿದ್ದೇ ಆಯಿತು. ಮೊದಲ ಸುತ್ತಿನಲ್ಲಿ ಎದುರು ಕೂತ ಹುಡುಗ ಆಮೆಯನ್ನು ಕಂಡು ಪಕ್ಕದವನ ಕಡೆ ಕಣ್ಣು ಹೊಡೆದ. ಸೋತು ಎದ್ದ. ಎರಡನೆಯ ಸುತ್ತಿನಲ್ಲಿ ಗೆಲುವು ಕೈಯಲ್ಲಿದ್ದಾಗ ಗಂಟೆ ಹೊಡೆಯಿತು, ಸಮ. ಎದುರಾಳಿ ಬೇಕೆಂದೇ ತಡಮಾಡುತ್ತಿದ್ದುದನ್ನು ವಿಜಯಕುಮಾರ ಪಕ್ಕದ ಮೇಜಿನಿಂದ ನೋಡಿದ. ನಾಲ್ಕು ಸುತ್ತು ಮುಗಿದಾಗ ಮುತ್ಯಾಲಪ್ಪನಿಗೆ ಎರಡು ಗೆಲುವು, ಎರಡು ಸಮ. ವಿಜಯಕುಮಾರನಿಗೆ ಮೂರು ಗೆಲುವು, ಒಂದು ಸಮ. ಐದನೆಯ ಸುತ್ತಿನ ಚೀಟಿಯಲ್ಲಿ ಇಬ್ಬರ ಹೆಸರೂ ಒಂದೇ ಮೇಜಿಗೆ ಬಂದಿತ್ತು.

ಲೆಕ್ಕ ಸರಳ. ಅಂಕ ಸರಿಸಮವಾದರೆ ನಾಲ್ಕನೆಯ ಸುತ್ತಿನವರೆಗೆ ಮುಂದಿದ್ದವರಿಗೇ ಜಾಗ. ಸಮವಾದರೂ ಸಾಕು, ವಿಜಯಕುಮಾರ ಬೆಂಗಳೂರಿಗೆ.

ಮೊದಲ ಆಟ ಅವನು ಗೆದ್ದ, ಎರಡನೆಯದನ್ನು ಮುತ್ಯಾಲಪ್ಪ. ಮೂರನೆಯದು ಶುರುವಾದಾಗ ಗೋಡೆಯ ಗಡಿಯಾರದಲ್ಲಿ ಹದಿನಾಲ್ಕು ನಿಮಿಷ ಉಳಿದಿತ್ತು. ಗಿಡುಗ ಆರು ಗುರಾಣಿ ಒಡೆದು ನಿಂತಿತು. ಆಮೆ ಕಟ್ಟಿಕೊಳ್ಳತೊಡಗಿತು. ಮುಂದಿನ ದಾರಿ ವಿಜಯಕುಮಾರನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು: ಇನ್ನು ಏಳೆಂಟು ಸರದಿ, ತಾನು ಸೋಲುತ್ತೇನೆ. ಆದರೆ ಆ ಏಳೆಂಟು ಸರದಿಗೆ ಗಡಿಯಾರದಲ್ಲಿ ಜಾಗವಿರಲಿಲ್ಲ. ಅವನು ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನೆ ಕೂತರೆ ಸಾಕಿತ್ತು.

ಮುತ್ಯಾಲಪ್ಪ ಬೆಳಗಿನಿಂದ ಆಡಿ ದಣಿದಿದ್ದರು. ಕಟ್ಟು ಕಲೆಸಲು ಹೋದಾಗ ಬಲಗೈಯ ಹಿಡಿತ ತಪ್ಪಿ, ಅರ್ಧ ಕಟ್ಟು ಜಾರಿ ಮೇಜಿನ ಮೇಲೆ, ನೆಲದ ಮೇಲೆ ಚೆಲ್ಲಿತು. ಹಿಂದೆ ನಿಂತಿದ್ದವರಲ್ಲಿ ಯಾರೋ ನಕ್ಕರು. ಮುದುಕ ಬಗ್ಗಿದರು. ಸುಜಾತಾ ಒಂದು ಹೆಜ್ಜೆ ಮುಂದಿಟ್ಟು ನಿಂತಳು. ನೋಡುವವರು ಮೇಜು ಮುಟ್ಟುವಂತಿಲ್ಲ. ಒಂದು ನಿಮಿಷ ಹೋಯಿತು. ವಿಜಯಕುಮಾರ ಗಡಿಯಾರ ನೋಡಿದ, ಆಮೇಲೆ ಆ ಬೆರಳುಗಳನ್ನು ನೋಡಿದ. ಕುರ್ಚಿಯಿಂದ ಇಳಿದು ನೆಲದಲ್ಲಿದ್ದ ಕಾರ್ಡುಗಳನ್ನು ಆರಿಸಿದ.

"ಕೊಡಿ ಮಾವ, ನಾನು ಕಲೆಸ್ತೀನಿ," ಎಂದ. ಅಲ್ಲಿಯವರೆಗೆ ಅವನು ಅವರನ್ನು ಯಜಮಾನರೇ ಎಂದೇ ಕರೆಯುತ್ತಿದ್ದ.

ಮುತ್ಯಾಲಪ್ಪ ತಲೆ ಎತ್ತಿದರು. "ನಿಂಗೇ ಇಕ್ಕಟ್ಟಾಯ್ತದಲ್ಲಪ್ಪ."

"ಆಗ್ಲಿ. ನೀವು ಆಡಿ."

ಎದುರಾಳಿಯ ಕಟ್ಟನ್ನು ಕಲೆಸಿಕೊಡಲು ನಿಯಮದಲ್ಲಿ ಅಡ್ಡಿಯಿರಲಿಲ್ಲ. ರವಿತೇಜ ಬಂದು ನೋಡಿ ತಲೆಯಾಡಿಸಿ ಹೋದ. ಅಲ್ಲಿಂದ ಮುಂದೆ ಪ್ರತಿ ಸರದಿಯಲ್ಲೂ ಮುತ್ಯಾಲಪ್ಪ ಕಾರ್ಡು ಹುಡುಕಿ ತೆಗೆಯುವರು, ವಿಜಯಕುಮಾರ ಉಳಿದ ಕಟ್ಟನ್ನು ಸರಸರ ಕಲೆಸಿ ಮುಂದಿಡುವನು. ಆಟದಲ್ಲಿ ಅವನು ಸಡಿಲ ಬಿಡಲಿಲ್ಲ. ಇದ್ದ ಬಲವನ್ನೆಲ್ಲ ಹಾಕಿ ಆಡಿದ. ಇನ್ನೂ ಒಂದೂವರೆ ನಿಮಿಷ ಇರುವಾಗ ಮೂರು ಕಣ್ಣಿನ ಟಗರು ಬಂದು ಅವನ ಕೊನೆಯ ಗುರಾಣಿ ಒಡೆಯಿತು.

ಮುತ್ಯಾಲಪ್ಪನವರೂ ಬೆಂಗಳೂರಿಗೆ ಹೋಗಲಿಲ್ಲ. ಎರಡನೆಯವನಷ್ಟೇ ಅಂಕ ಬಂದರೂ, ಮೊದಲು ಬಿಟ್ಟುಕೊಟ್ಟ ಎರಡು ಸಮದಿಂದ ಅವರು ಮೂರನೆಯವರಾದರು, ವಿಜಯಕುಮಾರ ನಾಲ್ಕನೆಯವನು. ಹೋದವರು ಬೇರೆ ಇಬ್ಬರು. ಮನೆಗೆ ನಡೆದುಬರುವಾಗ ವಿಜಯಕುಮಾರ ಒಳ್ಳೆಯದು ಮಾಡಿದೆ ಎನ್ನುವ ಸಮಾಧಾನ ಬರುತ್ತದೆಂದು ಕಾದ, ಬರಲಿಲ್ಲ. ಬದಲಿಗೆ ಎರಡನೆಯ ಸುತ್ತಿನಲ್ಲಿ ಆ ಮುದುಕ ಗಂಟೆ ಹೊಡೆದ ಮೇಲೂ ಕಾರ್ಡು ಹಿಡಿದು ಕೂತಿದ್ದ ಚಿತ್ರ ಕಣ್ಣ ಮುಂದೆ ಬರುತ್ತಿತ್ತು. ತಾನು ಹದಿನೈದು ದಿನ ಮೊದಲೇ ಬರೆದಿದ್ದರೆ ಮೊದಲ ಸುತ್ತಿನ ಆ ಹುಡುಗ ಕಣ್ಣು ಹೊಡೆಯುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಮಾರುಕಟ್ಟೆಯ ಕಟ್ಟೆಯ ಮೇಲೆ ಕೂತು ಬರೆದ. ಮೊದಲ ಸಾಲಿನಲ್ಲೇ ತನ್ನ ತಪ್ಪು: ಸಮವಾದ ಇಪ್ಪತ್ತೊಂದು ಪಂದ್ಯಗಳನ್ನು ಸೋಲೆಂದು ಓದಿದೆ, ಆಡದ ಡೆಕ್ಕಿನ ಬಗ್ಗೆ ಹಗುರಾಗಿ ಬರೆದೆ, ತಿಳಿದ ಮೇಲೂ ಸ್ವಂತ ಆಸೆಗೆ ಬಿದ್ದು ಮುಚ್ಚಿಟ್ಟೆ. ಆಮೇಲೆ ಹೊಸ ಪಟ್ಟಿ, ಆಮೆ ಎರಡನೆಯದು. ಕೊನೆಗೆ ರವಿತೇಜನಿಗೆ ಒಂದು ಕೋರಿಕೆ: ಕೈ ಸ್ವಾಧೀನವಿಲ್ಲದವರು ಕೇಳಿದರೆ ಪಕ್ಕದಲ್ಲಿ ಒಬ್ಬರು ಕೂತು ಕಾರ್ಡು ಕಲೆಸಲು ಬಿಡಬೇಕು.

ಸೋತಿದ್ದಕ್ಕೆ ಹೀಗೆ ಬರೆದಿದ್ದಾನೆ ಎಂದರು ಕೆಲವರು. ಏಳೆಂಟು ಜನ ಗುಂಪು ಬಿಟ್ಟರು. ಡೆಕ್ಕು ಬಿಚ್ಚಿಹಾಕಿದ್ದ ಒಬ್ಬ ಮಾತ್ರ ಫೋನು ಮಾಡಿ ಹತ್ತು ನಿಮಿಷ ಬೈದು, ಆಮೇಲೆ ಆಮೆಯನ್ನು ಮತ್ತೆ ಕಟ್ಟುವುದು ಹೇಗೆಂದು ಕೇಳಿದ. ರವಿತೇಜ ಕೋರಿಕೆಗೆ ಒಪ್ಪಿಕೊಂಡ. ಮುಂದಿನ ತಿಂಗಳಿಂದ ಮುತ್ಯಾಲಪ್ಪನ ಪಕ್ಕದಲ್ಲಿ ಸುಜಾತಾ ಕೂರತೊಡಗಿದಳು.

ಆ ಪಟ್ಟಿ ಬಂದ ವಾರ ಮುತ್ಯಾಲಪ್ಪನವರಿಂದ ಸುದ್ದಿಯೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ಅವರೇ ಫೋನು ಮಾಡಿದರು. ವಿಜಯಕುಮಾರ ಒಂದು ಒಳ್ಳೆಯ ಮಾತು ನಿರೀಕ್ಷಿಸಿದ್ದ.

"ಪಟ್ಟಿ ಸುಜಾತ ಓದಿ ಹೇಳಿದ್ಲು ಕಣಪ್ಪ," ಎಂದರು ಅವರು. "ತಪ್ಪು ಬರ್ದಿದ್ದೀಯ. ಎರಡ್ನೇದು ಜಾಸ್ತಿ ಆಯ್ತು. ಉಕ್ಕಿನ್ ಕೋಟೆ ಮುಂದೆ ನನ್ ಆಮೆ ನಿಲ್ಲಲ್ಲ. ಮೂರಕ್ಕೆ ಹಾಕು."

"ಆಡಿ ನೋಡ್ಬೇಕು ಮಾವ," ಎಂದ ವಿಜಯಕುಮಾರ.

"ಮತ್ತೆ ಯಾಕ್ ಫೋನ್ ಮಾಡ್ದೆ ಅಂದ್ಕಂಡೆ? ಹತ್ ಗಂಟೆ ಬಸ್ಸಿಗೆ ಹತ್ತು. ಮುದ್ದೆ ಮಾಡಿಸ್ತೀನಿ."

ಅವನು ಆಮೆಯ ಎದುರು ಸುಜಾತಾ ಹಿಡಿಯಲೆಂದು ಉಕ್ಕಿನ ಕೋಟೆಯ ಕಾರ್ಡುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಆ ಭಾನುವಾರ ಹನ್ನೆರಡು ಆಟವಾಯಿತು. ಕೋಟೆ ಎಂಟು ಗೆದ್ದಿತು.